ಇಂಡಕ್ಷನ್ ಒಲೆಯೂ ಮನೆಯ ತಂತಿಯೂ

ಕಾಲುವೆಯ ನೀರನ್ನು ನಂಬಿ ಬೇಸಾಯ ಮಾಡುವ ಸೀಮೆಯವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯ ತುಂಬಿತೆಂದ ಮಾತ್ರಕ್ಕೆ ಹೊಲ ನೆನೆದಂತಾಗದು. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಎಷ್ಟೇ ಹರಿಯಲಿ, ಹೊಲಗಾಲುವೆಯು ಕಿರಿದಾಗಿದ್ದರೆ ತುದಿಯ ರೈತನ ಪಾಲಿಗೆ ಅದು ಇದ್ದೂ ಇಲ್ಲದಂತೆಯೇ ಸರಿ. ವಿದ್ಯುಚ್ಛಕ್ತಿಯ ವಿಷಯವೂ ಇದಕ್ಕೆ ಹೊರತಲ್ಲ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಕೆಲಸ ಆರಂಭಿಸಿದ ಶಾಖೋತ್ಪನ್ನ ಕೇಂದ್ರವು ಮುಂದೆ ಎಂಟು ಘಟಕಗಳಾಗಿ 1720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಆದರೆ ಅದೇ ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮಹಡಿಮನೆಯೊಂದರಲ್ಲಿ ಅನ್ನ ಬೇಯುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಆ ಮಹಾಯಂತ್ರಗಳಲ್ಲ. ಅಡಿಗೆಮನೆಯ ಗೋಡೆಯೊಳಗೆ ಅಡಗಿರುವ ಒಂದು ಸಣ್ಣ ತಂತಿ.

ಈಚಿನ ವರ್ಷಗಳಲ್ಲಿ ಇಂಡಕ್ಷನ್ ಒಲೆಯು ನಮ್ಮ ಅಡಿಗೆಮನೆಗಳನ್ನು ಪ್ರವೇಶಿಸುತ್ತಿದೆ. ಹೊಗೆಯಿಲ್ಲ, ಉರಿಯಿಲ್ಲ, ಸಿಲಿಂಡರು ಮುಗಿಯಿತೆಂಬ ಗಾಬರಿಯಿಲ್ಲ. ಇದು ಕೆಲಸ ಮಾಡುವ ಬಗೆಯೂ ಸ್ವಾರಸ್ಯವಾದದ್ದು. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯಿರುತ್ತದೆ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿದಾಗ, ಮೇಲಿಟ್ಟ ಪಾತ್ರೆಯ ತಳದಲ್ಲಿಯೇ ವಿದ್ಯುತ್ತು ಹುಟ್ಟಿ ಆ ತಳವು ಕಾಯುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ತತ್ತ್ವವೇ ಇದಕ್ಕೆ ಮೂಲ. ಒಲೆಯನ್ನು ಕೊಳ್ಳುವುದು ಸುಲಭ. ಅದನ್ನು ತಾಳುವ ಶಕ್ತಿ ಮನೆಗುಂಟೇ ಎಂದು ಮೊದಲೇ ವಿಚಾರಿಸುವವರು ಮಾತ್ರ ವಿರಳ. ಆದಕಾರಣ ಆ ಪರೀಕ್ಷೆಯ ಕ್ರಮವನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಒಲೆಯನ್ನು ಮಗುಚಿ ನೋಡತಕ್ಕದ್ದು. ಅದರ ಬೆನ್ನಿನ ಮೇಲೆ ಎಷ್ಟು ವ್ಯಾಟು ಎಂಬುದನ್ನು ಮುದ್ರಿಸಿರುತ್ತಾರೆ. ಆ ಅಂಕಿಯನ್ನು 230ರಿಂದ ಭಾಗಿಸಿದರೆ ಒಲೆಯು ಎಳೆಯುವ ಆಂಪಿಯರ್ ಸಿಕ್ಕುತ್ತದೆ. 1200 ವ್ಯಾಟಿನದು ಐದು ಆಂಪಿಯರಿಗೆ ತುಸು ಮೇಲೆ. 2000 ವ್ಯಾಟಿನದು ಸುಮಾರು 8.7 ಆಂಪಿಯರ್. ಕಲ್ಲುಹಾಸಿನಲ್ಲಿ ಕೂಡಿಸುವ, ನಾಲ್ಕು ಪಾತ್ರೆ ಇಡಬಹುದಾದ ದೊಡ್ಡ ಒಲೆಯು 7000 ವ್ಯಾಟಿನದಾದರೆ ಮೂವತ್ತು ಆಂಪಿಯರನ್ನೂ ಮೀರುತ್ತದೆ. ಇಂಥದಕ್ಕೆ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕವಾದ ದಪ್ಪ ತಂತಿ ಬೇಕು.

ಎರಡನೆಯದು ಸಾಕೆಟ್ಟು. ಗೋಡೆಯಲ್ಲಿ ಎರಡು ಜಾತಿಯ ಸಾಕೆಟ್ಟುಗಳುಂಟು. ಸಣ್ಣ ರಂಧ್ರಗಳದು 6 ಆಂಪಿಯರಿನದು, ದೊಡ್ಡ ರಂಧ್ರಗಳದು 16 ಆಂಪಿಯರಿನದು. ಮಿಕ್ಸಿಗೆಂದು ಇಟ್ಟ ಸಣ್ಣ ಸಾಕೆಟ್ಟಿಗೆ ಪರಿವರ್ತಕ ಪ್ಲಗ್ಗನ್ನು ಸಿಕ್ಕಿಸಿ 2000 ವ್ಯಾಟಿನ ಒಲೆಯನ್ನು ಉರಿಸುವುದು ಅಪಾಯವನ್ನು ಕೈಯಾರೆ ಕರೆದಂತೆ. ಎಕ್ಸ್‌ಟೆನ್ಶನ್ ಬೋರ್ಡಿಗೂ ಇದೇ ಮಾತು ಸಲ್ಲುತ್ತದೆ. ಸಾಕೆಟ್ಟು ದೊಡ್ಡದಾಗಿದ್ದರೂ ಅಷ್ಟಕ್ಕೇ ನಿಶ್ಚಿಂತರಾಗಬಾರದು, ಅದರ ಹಿಂದಿನ ತಂತಿಯನ್ನೂ ನೋಡಬೇಕು. ದೀಪ, ಫ್ಯಾನುಗಳಿಗೆ ಎಳೆಯುವುದು ಸಾಮಾನ್ಯವಾಗಿ 1 ಅಥವಾ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ. 16 ಆಂಪಿಯರಿನ ಸಾಕೆಟ್ಟಿಗೆ 2.5 ಇಲ್ಲವೆ 4 ಚದರ ಮಿಲಿಮೀಟರಿನದು ಬೇಕು. ದೀಪದ ತಂತಿಗೇ ದೊಡ್ಡ ಸಾಕೆಟ್ಟನ್ನು ಜೋಡಿಸಿ ಹೋದ ಮನೆಗಳೂ ಇಲ್ಲದಿಲ್ಲ. ಇದನ್ನು ಬಲ್ಲ ಕೆಲಸಗಾರನಿಂದ ಬಿಚ್ಚಿಸಿ ನೋಡಿಸುವುದೇ ಲೇಸು.

ಇಲ್ಲಿ ಕಾಲುವೆಗೂ ತಂತಿಗೂ ಒಂದು ಭೇದವುಂಟು. ಕಾಲುವೆಯಲ್ಲಿ ನೀರು ಹೆಚ್ಚಾದರೆ ಏರಿ ಒಡೆಯುವುದು ಕಣ್ಣಿಗೆ ಕಾಣುತ್ತದೆ. ತಂತಿಯಲ್ಲಿ ಹರಿವು ಹೆಚ್ಚಾದರೆ ಏನೂ ಕಾಣದು. ಅದು ಗೋಡೆಯೊಳಗೆ ಮೌನವಾಗಿ ಕಾಯುತ್ತದೆ. ಅದೂ ಎಂಥ ಲೆಕ್ಕದಲ್ಲಿ! ಹರಿವು ಎರಡರಷ್ಟಾದರೆ ಕಾವು ನಾಲ್ಕರಷ್ಟಾಗುತ್ತದೆ. ಮೇಲಿನ ಹೊದಿಕೆ ದಿನದಿನಕ್ಕೂ ಒಣಗಿ ಬಿರಿದು ಒಂದು ದಿನ ಹೊತ್ತಿಕೊಳ್ಳಬಹುದು.

ಈ ಕೇಡನ್ನು ತಡೆಯಲೆಂದೇ ಬೋರ್ಡಿನಲ್ಲಿ ಎಂಸಿಬಿ ಎಂಬ ಕಾವಲುಗಾರನನ್ನು ನಿಲ್ಲಿಸಿರುತ್ತಾರೆ. ಒಲೆ ಹಚ್ಚಿದಾಗಲೆಲ್ಲ ಅದು ಬಿದ್ದುಹೋದರೆ, ಅದನ್ನು ತೆಗೆದು ಇನ್ನೂ ದೊಡ್ಡದನ್ನು ಹಾಕಿಸುವವರುಂಟು. ಹಳೆಯ ಮನೆಗಳಲ್ಲಿ ಫ್ಯೂಜಿಗೆ ದಪ್ಪ ತಂತಿ ಕಟ್ಟುವವರೂ ಉಂಟು. ತಂತಿಯನ್ನು ಬದಲಿಸದೆ ಕಾವಲುಗಾರನನ್ನು ಮಾತ್ರ ಬದಲಿಸುವುದು ಬೊಗಳುವ ನಾಯಿಯನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಈ ಒಂದು ಮಾತನ್ನು ಮರೆಯಬಾರದೆಂದು ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆ. ಜೊತೆಗೆ, ಪ್ಲಗ್ಗಿನ ಮೂರನೆಯ ಕಡ್ಡಿಗೆ ಸರಿಯಾದ ಅರ್ಥಿಂಗ್ ಇದೆಯೇ, ಮನುಷ್ಯನಿಗೆ ಶಾಕ್ ತಗಲಿದಾಗ ಕೂಡಲೆ ಕರೆಂಟನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂಬುದನ್ನೂ ನೋಡಿಸತಕ್ಕದ್ದು.

ಮೂರನೆಯದಾಗಿ ಇಡೀ ಮನೆಯ ಲೆಕ್ಕ. ಮುಂಜಾನೆಯ ಹೊತ್ತು ಸ್ನಾನದ ಗೀಸರ್ 2000 ವ್ಯಾಟು, ಒಲೆ 2000, ಮಿಕ್ಸಿ 600, ಫ್ರಿಜ್ಜು 200, ನಾಲ್ಕು ಫ್ಯಾನುಗಳು 300, ದೀಪಗಳು 100 ಎಂದಿಟ್ಟುಕೊಳ್ಳೋಣ. ಕೂಡಿಸಿದರೆ 5200 ವ್ಯಾಟು, ಎಂದರೆ ಇಪ್ಪತ್ತೆರಡು ಆಂಪಿಯರಿಗೂ ಮೇಲೆ. ಇನ್ನು ಜೆಸ್ಕಾಂ ಬಿಲ್ಲನ್ನು ತೆಗೆದು ನೋಡಿ. ಆರ್.ಆರ್. ಸಂಖ್ಯೆಯಿರುವ ಆ ಕಾಗದದಲ್ಲಿಯೇ ನಿಮಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂಬುದೂ ಇರುತ್ತದೆ. ಮಂಜೂರಾದದ್ದು ಎರಡು, ಬಳಸುವುದು ಐದು ಎಂದಾದರೆ ಹೆಚ್ಚುವರಿ ಲೋಡಿಗೆ ಅರ್ಜಿ ಕೊಡುವುದೇ ನ್ಯಾಯವಾದ ದಾರಿ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನು ಈ ಕೆಲಸಕ್ಕೆ ನೆರವಾಗುತ್ತಾನೆ. ಲೋಡ್ ಏರಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆಂಬುದು ನೆನಪಿನಲ್ಲಿರಲಿ. ಅಷ್ಟು ಬೇಡವೆನ್ನುವವರು ಸ್ನಾನದ ನೀರು ಕಾದು ಗೀಸರನ್ನು ಆರಿಸಿದ ಮೇಲೆಯೇ ಒಲೆ ಹಚ್ಚುವ ಪದ್ಧತಿಯನ್ನಿಟ್ಟುಕೊಂಡರೆ ಹೊರೆ ಬಹಳಷ್ಟು ಇಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇನ್ನೊಂದು ಹೊಣೆಯಿದೆ. ಅಲ್ಲಿ ಕೆಳಗಿನ ಮೀಟರ್ ಕೋಣೆಗೆ ಬರುವ ಮುಖ್ಯ ತಂತಿ ಎಲ್ಲ ಮನೆಗಳಿಗೂ ಒಂದೇ. ಒಬ್ಬರು ಒಲೆ ತಂದರೆ ತೊಂದರೆಯಿಲ್ಲ. ಹತ್ತು ಮನೆಗಳಲ್ಲಿ ಒಂದೇ ಹೊತ್ತಿಗೆ 2000 ವ್ಯಾಟಿನ ಒಲೆಗಳು ಹೊತ್ತಿಕೊಂಡರೆ ಇಪ್ಪತ್ತು ಕಿಲೋವ್ಯಾಟಿನ ಹೊಸ ಹೊರೆ ಆ ತಂತಿಯ ಮೇಲೆ ಬಿದ್ದಂತಾಯಿತು. ಬಾಡಿಗೆಯವರು ಮನೆಯ ಯಜಮಾನರಿಗೆ ತಿಳಿಸಿ, ಯಜಮಾನರು ನೆರೆಯವರೊಡನೆ ಕೂಡಿ ಆಲೋಚಿಸಿ ಮುಖ್ಯ ತಂತಿಯನ್ನು ಪರೀಕ್ಷೆ ಮಾಡಿಸುವುದು ತಕ್ಕುದು. ಬೇಸಗೆಯಲ್ಲಿ ಕೂಲರುಗಳೆಲ್ಲ ತಿರುಗುವಾಗ ವೋಲ್ಟೇಜು ಕುಸಿದರೆ ಒಲೆ ತಾನಾಗಿ ನಿಂತುಹೋಗಬಹುದು; ಅದು ಒಲೆಯ ದೋಷವೆಂದು ತಿಳಿಯಬಾರದು.

ಇಷ್ಟೆಲ್ಲ ಸರಿಯಿದ್ದರೆ ಕೊನೆಯ ಪರೀಕ್ಷೆ. ಪಾತ್ರೆ ತುಂಬ ನೀರಿಟ್ಟು ಒಲೆಯನ್ನು ಪೂರ್ಣ ಉರಿಯಲ್ಲಿ ಹದಿನೈದು ನಿಮಿಷ ನಡೆಸಿ, ಸ್ವಿಚ್ಚು ಆರಿಸಿ, ಒಣಗೈಯಿಂದ ಪ್ಲಗ್ಗಿನ ಬೆನ್ನನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಬಾಧಕವಿಲ್ಲ. ಮುಟ್ಟಲಾಗದಷ್ಟು ಸುಟ್ಟರೆ, ಸುಟ್ಟ ವಾಸನೆ ಬಂದರೆ, ಒಲೆ ಹಚ್ಚಿದೊಡನೆ ದೀಪಗಳು ಮಂಕಾದರೆ, ಬಳಕೆಯನ್ನು ಅಲ್ಲಿಗೇ ನಿಲ್ಲಿಸಿ ಕೆಲಸಗಾರನನ್ನು ಕರೆಸಬೇಕು.

ಖರ್ಚಿನ ಮಾತೂ ಉಳಿದಿದೆ. 2000 ವ್ಯಾಟಿನ ಒಲೆ ಪೂರ್ಣ ಉರಿಯಲ್ಲಿ ದಿನಕ್ಕೊಂದು ಗಂಟೆ ನಡೆದರೆ ಎರಡು ಯೂನಿಟ್ಟು, ತಿಂಗಳಿಗೆ ಅರುವತ್ತು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್ಟುಗಳನ್ನು ಹಿಂದಿನ ವರ್ಷದ ಸರಾಸರಿಯ ಮೇಲೆ ಗೊತ್ತುಮಾಡಿದ್ದು, 200 ಯೂನಿಟ್ಟನ್ನು ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆಂಬುದು ಅದರ ನಿಯಮ. 150 ಯೂನಿಟ್ಟು ಬಳಸುತ್ತಿದ್ದ ಸಂಸಾರವು ಹೊಸ ಒಲೆಯಿಂದ 210ಕ್ಕೆ ಏರಿದರೆ ಗ್ಯಾಸಿನಲ್ಲಿ ಉಳಿಸಿದ್ದು ಕರೆಂಟಿನಲ್ಲಿ ಹೋದೀತು. ಅಡಿಗೆಗೆ ಮುಂಚೆಯೂ ಅನಂತರವೂ ಮೀಟರಿನ ಅಂಕಿಯನ್ನು ಒಂದು ವಾರ ಬರೆದಿಟ್ಟರೆ ನಿಮ್ಮ ಮನೆಯ ನಿಜವಾದ ಲೆಕ್ಕ ಕೈಗೆ ಬರುತ್ತದೆ.

ಪಾತ್ರೆಗಳನ್ನೂ ಅಯಸ್ಕಾಂತ ಹಿಡಿದು ನೋಡಿರಿ. ತಳಕ್ಕೆ ಅಂಟಿದರೆ ಸರಿ. ಅಲ್ಯೂಮಿನಿಯಮ್ ಬೋಗುಣಿಗೂ ತಾಮ್ರದ ತಪ್ಪಲೆಗೂ ಮಣ್ಣಿನ ಗಡಿಗೆಗೂ ಈ ಒಲೆ ಒಲಿಯದು. ಜೋಳದ ರೊಟ್ಟಿಯನ್ನು ಹಂಚಿನಿಂದೆತ್ತಿ ಉರಿಗೆ ಹಿಡಿದು ಉಬ್ಬಿಸುವ ಸೊಗಸಂತೂ ಇದರಲ್ಲಿ ಸಾಧ್ಯವೇ ಇಲ್ಲ. ಆದಕಾರಣ ಹಳೆಯ ಒಲೆಯನ್ನು ಒಮ್ಮೆಲೇ ಹೊರಗೆ ಹಾಕದೆ, ಅನ್ನ, ಸಾರು, ಹಾಲುಗಳಿಗೆ ಹೊಸದನ್ನೂ ರೊಟ್ಟಿಗೆ ಹಳೆಯದನ್ನೂ ಇಟ್ಟುಕೊಳ್ಳುವುದು ಜಾಣತನ. ಕರೆಂಟು ಹೋದ ದಿನ ಮನೆಮಂದಿ ಉಪವಾಸವಿರುವ ಪ್ರಸಂಗವೂ ತಪ್ಪುತ್ತದೆ.

ಹೊಸ ಸಲಕರಣೆಯನ್ನು ಮನೆಗೆ ತರುವುದು ತಪ್ಪಲ್ಲ. ನೀರು ಬಿಡುವ ಮುನ್ನ ರೈತನು ಹೊಲಗಾಲುವೆಯ ಏರಿಯ ಮೇಲೆ ಒಮ್ಮೆ ನಡೆದು ನೋಡುತ್ತಾನೆ. ಗೃಹಸ್ಥನೂ ಒಲೆ ಕೊಳ್ಳುವ ಮುನ್ನ ಮೀಟರಿನಿಂದ ಅಡಿಗೆಮನೆಯವರೆಗೆ ಅಷ್ಟು ದೂರ ನಡೆದು ನೋಡಿದರೆ ಸಾಕು. ಅನ್ನವೂ ಬೇಯುವುದು, ಮನೆಯೂ ಸುಖವಾಗಿರುವುದು.