ಸವೆದು ಬರುವ ಹೊಳಪು

2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಶುರುವಾದಾಗ ಗರುಡಾಚಾರ್‌ಪಾಳ್ಯಕ್ಕೂ ಮೆಟ್ರೊ ಬಂತು. ಬೆಳಗಿನ ರೈಲಿನಲ್ಲಿ ಕಂಬಿ ಹಿಡಿದು ನಿಂತವರಲ್ಲಿ ಐಟಿ ಕಚೇರಿಗೆ ಹೋಗುವವರಷ್ಟೇ ಅಲ್ಲ, ಆಸ್ಪತ್ರೆಯ ವಾರ್ಡಿಗೆ, ಕ್ಯಾಂಟೀನಿನ ಅಡುಗೆಮನೆಗೆ ಹೋಗುವವರೂ ಇರುತ್ತಾರೆ. ಅಂಥ ಎಷ್ಟೋ ಕಡೆ ನೇಲ್ ಪಾಲಿಶ್ ಹಚ್ಚುವಂತಿಲ್ಲ. ಬಣ್ಣವಿಲ್ಲದೆಯೂ ಉಗುರು ಹೊಳೆಯಬೇಕೆಂದರೆ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ, ಪುಟ್ಟ ಇಟ್ಟಿಗೆಯಂಥ ಬಫರ್ ಒಳ್ಳೆಯ ಸಾಧನವೇ. ಆದರೆ ‘ಕೆಮಿಕಲ್ ಇಲ್ಲವಲ್ಲ, ಎಷ್ಟು ಉಜ್ಜಿದರೂ ತೊಂದರೆಯಿಲ್ಲ’ ಎಂಬ ನಂಬಿಕೆ ತಪ್ಪು.

ಮೊಸಾಯಿಕ್ ನೆಲಕ್ಕೆ ಪಾಲಿಶ್ ಮಾಡುವುದನ್ನು ನೋಡಿದವರಿಗೆ ಬಫರಿನ ಕೆಲಸ ಬಿಡಿಸಿ ಹೇಳಬೇಕಿಲ್ಲ. ಮೊದಲು ಒರಟು ಕಲ್ಲು, ಆಮೇಲೆ ನಯವಾದದ್ದು, ಕೊನೆಗೆ ಇನ್ನೂ ನಯವಾದದ್ದು. ಬಫರಿನ ಮಗ್ಗುಲುಗಳೂ ಹಾಗೇ: ಒಂದು ಏರಿಳಿತ ತೆಗೆಯುತ್ತದೆ, ಮತ್ತೊಂದು ಅದು ಬಿಟ್ಟ ಗೀರುಗಳನ್ನು ಅಳಿಸುತ್ತದೆ, ಕಾಗದದಷ್ಟು ನುಣುಪಾದ ಕೊನೆಯದು ಹೊಳಪು ತರುತ್ತದೆ. ಮೈ ಸಮವಾದಾಗ ಬೆಳಕು ಚದುರದೆ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಇಲ್ಲಿ ಏನನ್ನೂ ಹಚ್ಚಿಲ್ಲ, ಇದ್ದದ್ದನ್ನೇ ಸವೆಸಿದ್ದೇವೆ. ಕೆರಾಟಿನ್‌ನಿಂದಾದ ಆ ಉಗುರಿನ ದಪ್ಪವೋ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್.

ಉಗುರು ಹೇಗೂ ಬೆಳೆಯುತ್ತದಲ್ಲ ಎನ್ನಬಹುದು. ಬೆಳೆಯುತ್ತದೆ, ಆದರೆ ಬುಡದಿಂದ. ಸವೆದ ಜಾಗ ಮತ್ತೆ ದಪ್ಪವಾಗುವುದಿಲ್ಲ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿ.ಮೀ. ಬುಡದಲ್ಲಿ ಹುಟ್ಟಿದ ಭಾಗ ತುದಿ ಮುಟ್ಟಲು ಅರ್ಧ ವರ್ಷ ಹಿಡಿಯುತ್ತದೆ. ವಾರಕ್ಕೊಮ್ಮೆ ಉಜ್ಜಿದರೆ ಆ ಒಂದೇ ಭಾಗ ಇಪ್ಪತ್ತಕ್ಕೂ ಹೆಚ್ಚು ಸಲ ಸವೆಯುತ್ತದೆ, ತಿಂಗಳಿಗೊಮ್ಮೆಯಾದರೆ ಐದಾರು ಸಲ. ನನ್ನ ಮಟ್ಟಿಗೆ ಈ ಲೆಕ್ಕದಲ್ಲೇ ಉತ್ತರವಿದೆ: ಒರಟು ಮಗ್ಗುಲನ್ನು ತಿಂಗಳಿಗೊಮ್ಮೆಗಿಂತ ಹೆಚ್ಚು ಮುಟ್ಟಬಾರದು, ಉಜ್ಜುವಾಗ ಉಗುರು ಬಿಸಿಯಾದರೆ ಕೂಡಲೇ ಕೈ ತಡೆಯಬೇಕು. ಪಾರ್ಲರಿಗೆ ಹೋಗುವಾಗಲೂ ನಿಮ್ಮದೇ ಬಫರ್ ಒಯ್ಯಿರಿ. ಸ್ಪಂಜಿನಂಥ ಈ ತುಂಡನ್ನು ಸರಿಯಾಗಿ ಶುದ್ಧಮಾಡಲಾಗದು.

ಒರಟು ಮಗ್ಗುಲನ್ನು ಅಷ್ಟು ಕಡಿಮೆ ಬಳಸಿದರೆ ಉಗುರಿನ ಮೇಲಿನ ಗೆರೆಗಳು ಪೂರ್ತಿ ಹೋಗುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಹೋಗಬೇಕಾಗಿಯೂ ಇಲ್ಲ. ವಯಸ್ಸಾದಂತೆ ಮೂಡುವ ಉದ್ದಗೆರೆಗಳು ಚರ್ಮದ ಸುಕ್ಕಿನಷ್ಟೇ ಸಹಜ. ಅಡ್ಡಲಾಗಿ ಬಿದ್ದ ತಗ್ಗಿನ ಮಾತು ಬೇರೆ: ಜೋರು ಜ್ವರವೋ ದೊಡ್ಡ ಕಾಯಿಲೆಯೋ ಬಂದಾಗ ಉಗುರಿನ ಬೆಳವಣಿಗೆ ಕೆಲಕಾಲ ನಿಂತ ಗುರುತು ಅದಾಗಿರಬಹುದು. ಬುಡದಿಂದ 6 ಮಿ.ಮೀ. ಮುಂದಿದ್ದರೆ ಸುಮಾರು ಎರಡು ತಿಂಗಳ ಹಿಂದಿನದೆಂದು ಅಂದಾಜು ಮಾಡಬಹುದು. ಹಲವು ಉಗುರುಗಳಲ್ಲಿ ಅಂಥ ತಗ್ಗು ಕಂಡರೆ ಬಫರ್ ಬದಿಗಿಟ್ಟು, ಆ ಗುರುತು ಅಳಿಯುವ ಮೊದಲೇ ವೈದ್ಯರಿಗೆ ಕೈ ತೋರಿಸಬೇಕು.