ಇಯರ್‌ಫೋನ್ ಕೊಳ್ಳುವ ಮುನ್ನ ಕಿವಿಯನ್ನು ಕೇಳಿ

ದಾಬಸ್‌ಪೇಟೆಯಿಂದ ಬೆಂಗಳೂರಿಗೆ ಐವತ್ತು ಕಿಲೋಮೀಟರ್ ಆಸುಪಾಸು. ಶಿವಗಂಗೆ ಬೆಟ್ಟದ ಸುತ್ತಿನ ಹಳ್ಳಿಗಳಿಂದ ಬೆಳಿಗ್ಗೆ ನೆಲಮಂಗಲ, ಪೀಣ್ಯ, ಯಶವಂತಪುರದ ಕಡೆಗೆ ಹೊರಡುವ ಬಸ್ಸು ಹತ್ತಿ ನೋಡಿ. ಕೆಲಸಕ್ಕೋ ಕಾಲೇಜಿಗೋ ಹೋಗುವ ಹುಡುಗ ಹುಡುಗಿಯರ ಕಿವಿಯಲ್ಲಿ ಇಯರ್‌ಫೋನ್ ಇದ್ದೇ ಇರುತ್ತದೆ. ಹೋಗುವುದು ಬರುವುದು ಸೇರಿಸಿದರೆ ದಿನಕ್ಕೆ ಮೂರು ಗಂಟೆಯಾದರೂ ಆಗುತ್ತದೆ. ಭಾನುವಾರ ಬೆಟ್ಟ ಹತ್ತಲು ಬರುವವರ ಕಿವಿಯಲ್ಲೂ ಅದೇ. ಇಷ್ಟು ಹೊತ್ತು ಕಿವಿಯೊಳಗೆ ಕೂರುವ ವಸ್ತುವನ್ನು ಆರಿಸುವಾಗ ಮಾತ್ರ ನಾವು ಡಬ್ಬಿಯ ಮೇಲಿನ ಅಂಕಿಯನ್ನೋ ಬೆಲೆಯನ್ನೋ ನೆಚ್ಚಿಕೊಳ್ಳುತ್ತೇವೆ. ಅದು ನಮ್ಮ ಕಿವಿಗೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುವವರು ಕಡಿಮೆ. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಅದೇ, ಉಳಿದದ್ದೆಲ್ಲ ಆಮೇಲೆ. ಏಕೆಂದು ಹೇಳಲು ಅಂಗಡಿಯಲ್ಲೂ ಬಸ್ಸಿನಲ್ಲೂ ಕೇಳಿಬರುವ ಕೆಲವು ನಂಬಿಕೆಗಳನ್ನು ಬಿಡಿಸಿ ನೋಡಬೇಕು.

“ದುಬಾರಿಯದೇ ಒಳ್ಳೆಯದು”

2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳನ್ನು ಅಳೆದು ಫಲಿತಾಂಶವನ್ನು ಪ್ರಕಟಿಸಿದರು. ಕಿವಿಯನ್ನು ಮುಚ್ಚಿಕೊಳ್ಳುವ ದೊಡ್ಡವೂ ಕಿವಿಯೊಳಗೆ ಹೋಗುವ ಸಣ್ಣವೂ ಅದರಲ್ಲಿದ್ದವು. ತಗ್ಗಿನ ಸ್ವರದಿಂದ ತಾರ ಸ್ವರದವರೆಗೆ ಯಾವ ಭಾಗವನ್ನು ಎಷ್ಟು ಎತ್ತಿ ಕೇಳಿಸುತ್ತದೆ ಎಂಬುದು ಹೆಡ್‌ಫೋನಿನ ಮುಖ್ಯ ಗುಣ. ಆ ಗುಣಕ್ಕೂ ಮಾರಾಟದ ಬೆಲೆಗೂ ಅವರಿಗೆ ಯಾವ ಸಂಬಂಧವೂ ಕಾಣಲಿಲ್ಲ. ಹೆಚ್ಚು ಕೊಟ್ಟ ಹಣ ಬ್ಯಾಟರಿಗೆ, ಮೈಕ್‌ಗೆ, ಆ್ಯಪ್‌ಗೆ, ಗಟ್ಟಿಯಾದ ಮೈಕಟ್ಟಿಗೆ, ಹೆಸರಿಗೆ ಹೋಗುತ್ತದೆ. ಇವುಗಳಲ್ಲಿ ಕೆಲವು ನಿಮಗೆ ಬೇಕಾಗಿರಬಹುದು, ಆಗ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಹಾಡು ಕೇಳುವುದಷ್ಟೇ ಉದ್ದೇಶವಾದರೆ, ಒಂದೆರಡು ಸಾವಿರ ರೂಪಾಯಿಯ ವೈರ್ ಇಯರ್‌ಫೋನ್ ಹತ್ತು ಸಾವಿರದ ವೈರ್‌ಲೆಸ್ ಬಡ್ಸ್‌ಗೆ ಸರಿಸಮ ನಿಲ್ಲುವುದು ಈಗ ಸಾಮಾನ್ಯ ಸಂಗತಿ.

ಬೆಲೆಯನ್ನು ನೆಚ್ಚದಿರಲು ಇನ್ನೂ ದೊಡ್ಡ ಕಾರಣವೊಂದಿದೆ. ದೊಡ್ಡವರ ಕಿವಿನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಅಗಲ, ಬಾಗು, ಬಾಯಿಯ ಆಕಾರ ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿಲ್ಲ. ಒಬ್ಬರದೇ ಎಡಗಿವಿ ಬಲಗಿವಿಗಳಲ್ಲೂ ವ್ಯತ್ಯಾಸ ಇರುತ್ತದೆ. ಶಿವಗಂಗೆ ಬೆಟ್ಟ ಪೂರ್ವದಿಂದ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ನಾಗರ ಎಂದು ಇಲ್ಲಿಯವರು ಹೇಳುವ ಹಾಗೆ, ಒಂದೇ ಇಯರ್‌ಫೋನ್ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ರೂಪ ತಾಳುತ್ತದೆ. ಗೆಳೆಯ ಹೊಗಳಿದ್ದು ನಿಮಗೆ ತೆಳ್ಳಗೆ, ಕಿರಿಚಿದಂತೆ ಕೇಳಿದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

“ದೊಡ್ಡ ಡ್ರೈವರ್ ಇದ್ದರೆ ಬೇಸ್ ಜಾಸ್ತಿ”

ಡ್ರೈವರ್ ಎಂದರೆ ಒಳಗೆ ಕಂಪಿಸಿ ಧ್ವನಿ ಹುಟ್ಟಿಸುವ ಭಾಗ. 10 ಎಂಎಂ, 13 ಎಂಎಂ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಕೋಣೆ ತುಂಬಿಸಬೇಕಾದ ಸ್ಪೀಕರಿಗೆ ಅಳತೆ ಮುಖ್ಯ, ಏಕೆಂದರೆ ಅದು ಅಷ್ಟು ಗಾಳಿಯನ್ನು ಅಲುಗಾಡಿಸಬೇಕು. ಕಿವಿನಾಳದಲ್ಲಿ, ಇಯರ್‌ಫೋನಿನ ತುದಿಗೆ ಸಿಕ್ಕಿಸುವ ಮೆತ್ತನೆಯ ಟಿಪ್ಪಿನಿಂದ ಕಿವಿಯ ತಮಟೆಯವರೆಗೆ ಇರುವ ಗಾಳಿ ಒಂದು ಚಮಚಕ್ಕೂ ಕಡಿಮೆ. ನಾಳದ ಬಾಯಿ ಬಿಗಿಯಾಗಿ ಮುಚ್ಚಿದ್ದರೆ ಕೆಲವೇ ಮಿಲಿಮೀಟರಿನ ಡ್ರೈವರ್ ಸಾಕು. ಶ್ರವಣ ಸಾಧನಗಳಿಗೆಂದು ಬೆಳೆದ ‘ಬ್ಯಾಲೆನ್ಸ್ಡ್ ಆರ್ಮೇಚರ್’ ಎಂಬ ಅತಿ ಸಣ್ಣ ಡ್ರೈವರ್ ಒಂದನ್ನೇ ಇಟ್ಟು ಅಮೆರಿಕದ ಎಟಿಮೋಟಿಕ್ ಕಂಪನಿ 1991ರಲ್ಲಿ ತಂದ ಇಆರ್-4, ಸಂಗೀತವನ್ನು ಗಂಭೀರವಾಗಿ ಕೇಳುವವರ ಮೆಚ್ಚುಗೆ ಪಡೆದು ದಶಕಗಳ ಕಾಲ ಮಾರಾಟವಾಯಿತು. ಒಂದೊಂದು ಕಿವಿಗೆ ನಾಲ್ಕು, ಆರು ಡ್ರೈವರ್ ಎಂದು ಬರೆದಿರುವುದಕ್ಕೂ ಇದೇ ಮಾತು: ಎಣಿಕೆ ಮುಖ್ಯವಲ್ಲ, ಅವನ್ನು ಹೊಂದಿಸಿದ ಬಗೆ ಮುಖ್ಯ.

ಬೇಸ್ ಇಲ್ಲ ಎಂದು ದೂರುವವರಲ್ಲಿ ಹೆಚ್ಚಿನವರ ತೊಂದರೆ ಟಿಪ್ಪಿನದು. ಟಿಪ್ಪಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಮೊದಲು ಸೋರಿಹೋಗುವುದು ತಗ್ಗಿನ ಸ್ವರ. ಮೃದಂಗದ ಎಡದ ಮುಖ ಮಾಯವಾಗಿ ಬಲದ ಮುಖದ ಟಣತ್ಕಾರ ಮಾತ್ರ ಉಳಿಯುತ್ತದೆ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ಸಿಲಿಕೋನ್ ಟಿಪ್ ಕೊಟ್ಟಿರುತ್ತಾರೆ. ಸಿಕ್ಕಿಸಿಕೊಂಡು ಬಂದ ಮಧ್ಯಮದ್ದನ್ನೇ ಜನ ಕೊನೆಯವರೆಗೂ ಹಾಕಿಕೊಂಡಿರುತ್ತಾರೆ. ದಯವಿಟ್ಟು ಮೂರನ್ನೂ ಹಾಕಿ ನೋಡಿ. ಒಂದು ಕಿವಿಗೆ ಮಧ್ಯಮ, ಇನ್ನೊಂದಕ್ಕೆ ದೊಡ್ಡದು ಹೊಂದಿದರೆ ಹಾಗೇ ಇರಲಿ. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದರೆ ನಾಳ ನೆಟ್ಟಗಾಗಿ ಟಿಪ್ ಸರಿಯಾಗಿ ಕೂರುತ್ತದೆ. ಆಮೇಲೆ ಹಾಡು ಹಾಕದೆ ಒಂದು ಮಾತಾಡಿ. ನಿಮ್ಮ ದನಿ ನಿಮಗೇ ತಲೆಯೊಳಗೆ ಗುಂಯ್ಯೆಂದು ಕೇಳಿದರೆ ಬಿಗಿ ಸರಿಯಾಗಿದೆ ಎಂದು ಅರ್ಥ. ಸಿಲಿಕೋನ್ ಯಾವುದೂ ಒಗ್ಗದವರಿಗೆ ಫೋಮ್ ಟಿಪ್ ಇದೆ: ಬೆರಳಿನಲ್ಲಿ ಹಿಸುಕಿ ಒಳಗಿಟ್ಟು ಅರ್ಧ ನಿಮಿಷ ಬಿಟ್ಟರೆ ಹಿಗ್ಗಿ ಕಿವಿಯ ಆಕಾರಕ್ಕೇ ನಿಲ್ಲುತ್ತದೆ. ಬೇಗ ಸವೆಯುತ್ತದೆ ಎಂಬುದು ಅದರ ಕೊರತೆ.

“ಬೇಸ್ ಗುದ್ದಿದರೆ ಅದೇ ಒಳ್ಳೆ ಸೌಂಡು”

ಇದು ರುಚಿಯ ವಿಷಯ, ಇಷ್ಟಪಡುವವರನ್ನು ತಡೆಯಲು ನನಗೇನೂ ಹಕ್ಕಿಲ್ಲ. ಆದರೆ ನಮ್ಮಲ್ಲಿ ಬಹಳ ಜನ ಕೇಳುವುದು ಏನನ್ನು? ದಾಬಸ್‌ಪೇಟೆ ಇರುವ ಜಿಲ್ಲೆಯದೇ ಆದ ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಎಂಬ ಕ್ಯಾಸೆಟ್ಟಾಗಿ ಬಂದದ್ದು 1978ರಲ್ಲಿ. ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಓಡಾಡಲು ದಾರಿ ಮಾಡಿದ ಸೋನಿ ವಾಕ್‌ಮನ್ ಜಪಾನಿನಲ್ಲಿ ಬಿಡುಗಡೆಯಾದದ್ದು ಅದರ ಮರುವರ್ಷ ಜುಲೈನಲ್ಲಿ. ಅಂದಿನಿಂದ ಇಂದಿನವರೆಗೆ ಭಾವಗೀತೆ, ವಚನ, ದಾಸರ ಪದ, ರಾಜ್‌ಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಹಾಡಿದ ಚಿತ್ರಗೀತೆ ಇವೆಲ್ಲದರ ಜೀವ ಇರುವುದು ಸಾಹಿತ್ಯದಲ್ಲಿ, ಅದನ್ನು ಹೇಳುವ ಕಂಠದಲ್ಲಿ. ತಗ್ಗಿನ ಸ್ವರ ಅತಿಯಾದರೆ ಅದು ತನ್ನ ಮೇಲಿನ ಸ್ವರಗಳನ್ನು ಮುಚ್ಚಿಹಾಕುತ್ತದೆ. ಇದು ಒಳಗಿವಿಯ ರಚನೆಯಿಂದಲೇ ಬಂದ ಗುಣ. ಗುದ್ದುವ ಇಯರ್‌ಫೋನಿನಲ್ಲಿ ಕಂಠ ಹಿಂದೆ ಸರಿದು, ಒತ್ತಕ್ಷರಗಳು ಮಸುಕಾಗುತ್ತವೆ. ಹಳೆಯ ಚಿತ್ರಗೀತೆಗಳು ಬಹುಪಾಲು ಮೊನೊ ಧ್ವನಿಮುದ್ರಣಗಳು. ಎಡ ಬಲ ಎಂಬ ಹಂಚಿಕೆ ಅವುಗಳಲ್ಲಿಲ್ಲ. ಕಂಠ, ವಾದ್ಯ ಎಲ್ಲವೂ ತಲೆಯ ನಡುವೆ ನಿಲ್ಲುತ್ತವೆ. ಅದು ಇಯರ್‌ಫೋನಿನ ದೋಷವಲ್ಲ.

ಹಾಗಾಗಿ ಅಂಗಡಿಯಲ್ಲಿ ಕೇಳಿ ನೋಡಲು ಬಿಟ್ಟರೆ ಅವರು ಹಾಕುವ ಡಿಜೆ ಹಾಡನ್ನು ನೆಚ್ಚಬೇಡಿ. ನಿಮಗೆ ಬಾಯಿಪಾಠವಾಗಿರುವ ಹಾಡನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಪಲ್ಲವಿಯ ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳುತ್ತದೆಯೇ, ತಂಬೂರಿಯ ನಾದ ಕಂಠದ ಹಿಂದೆ ಉಳಿದಿದೆಯೇ, ‘ಸ’, ‘ಶ’ ಬಂದಾಗ ಕಿವಿ ಚುಚ್ಚುತ್ತದೆಯೇ ಎಂದು ನೋಡಿ. ಆನ್‌ಲೈನಿನಲ್ಲಿ ಕೊಳ್ಳುವವರು ವಾಪಸು ತೆಗೆದುಕೊಳ್ಳುವ ನಿಯಮವನ್ನು ಮೊದಲೇ ಓದಿಕೊಳ್ಳಬೇಕು. ಕಿವಿಯೊಳಗೆ ಹಾಕುವ ವಸ್ತು ಎಂಬ ಕಾರಣಕ್ಕೆ ಕೆಲವರು ಡಬ್ಬಿ ಒಡೆದ ಮೇಲೆ ಹಿಂದಕ್ಕೆ ಪಡೆಯುವುದಿಲ್ಲ.

“ಕಿವಿಯೊಳಗೆ ತೂರಿಸುವುದರಿಂದಲೇ ಕಿವುಡು ಬರುವುದು”

ಮನೆಯ ಹಿರಿಯರು ಹೇಳುವ ಈ ಮಾತಿನ ಹಿಂದಿರುವ ಕಾಳಜಿ ಸರಿಯಾದದ್ದು, ಕಾರಣ ಮಾತ್ರ ಬೇರೆ. ಕೇಳ್ವಿಯನ್ನು ಕೆಡಿಸುವುದು ಧ್ವನಿಯ ಜೋರು ಮತ್ತು ಅದು ಮುಂದುವರಿದ ಹೊತ್ತು. ಇಯರ್‌ಫೋನ್ ಕಿವಿಯ ಒಳಗಿದೆಯೋ ಮೇಲಿದೆಯೋ ಎಂಬುದಲ್ಲ. ಕೆಡುವುದು ತಮಟೆಯೂ ಅಲ್ಲ, ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳು. ಒಮ್ಮೆ ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ 12ರಿಂದ 35 ವರ್ಷದ ನೂರು ಕೋಟಿಗೂ ಹೆಚ್ಚು ಮಂದಿ ಜೋರು ಸದ್ದಿನಿಂದ ಕೇಳ್ವಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ.

ಅದೇ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಧ್ವನಿ ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ಈಗ ದಾಬಸ್‌ಪೇಟೆಯಿಂದ ದಿನಕ್ಕೆ ಮೂರು ಗಂಟೆ ಪ್ರಯಾಣ ಮಾಡುವವರ ವಾರವನ್ನು ಇದಕ್ಕೆ ಹೊಂದಿಸಿ. 83ರಲ್ಲಿ ಕೇಳಿದರೆ ಆರು ದಿನದ 18 ಗಂಟೆಯೂ ಮಿತಿಯೊಳಗೆ. 86ಕ್ಕೆ ಏರಿಸಿದರೆ ಸೋಮವಾರ ಶುರುವಾದ ವಾರದ ಪಾಲು ಗುರುವಾರವೇ ಮುಗಿಯುತ್ತದೆ. 92ರಲ್ಲಾದರೆ ಸೋಮವಾರ ಸಂಜೆ ಮನೆ ಮುಟ್ಟುವ ಮುನ್ನವೇ ಇಡೀ ವಾರದ್ದು ಖರ್ಚಾಗಿರುತ್ತದೆ.

ಬಸ್ಸಿನಲ್ಲಿ ಅಷ್ಟು ಜೋರು ಇಡಬೇಕಾಗಿ ಬರುವುದೇಕೆ? ಇಂಜಿನ್, ಹಾರ್ನ್, ಕಿಟಕಿಯ ಗಾಳಿ ಎಲ್ಲವನ್ನೂ ಮೀರಿ ಹಾಡು ಕೇಳಬೇಕು ಎಂಬುದಕ್ಕೆ. ಸಡಿಲವಾಗಿ ಕೂತ ಇಯರ್‌ಫೋನ್ ಹೊರಗಿನ ಗದ್ದಲವನ್ನು ಒಳಗೆ ಬಿಡುತ್ತದೆ, ಬೆರಳು ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ಬಿಗಿಯಾಗಿ ಕೂತದ್ದು ಗದ್ದಲವನ್ನು ಹೊರಗೇ ತಡೆಯುತ್ತದೆ, ಮೆಲ್ಲನೆಯ ಧ್ವನಿಯಲ್ಲೇ ಹಾಡು ನಿಚ್ಚಳವಾಗುತ್ತದೆ. ಹಿರಿಯರು ಹೆದರುವ ‘ಒಳಗೆ ತೂರಿಸುವ’ ಬಗೆಯೇ ಇಲ್ಲಿ ಕಿವಿಯನ್ನು ಕಾಯುತ್ತದೆ. ಮನೆಯಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ, ಹಿತವೆನಿಸುವಷ್ಟು ವಾಲ್ಯೂಮ್ ಇಟ್ಟು ಆ ಗುರುತನ್ನು ನೆನಪಿಟ್ಟುಕೊಳ್ಳಿ. ಬಸ್ಸಿನಲ್ಲಿ ಅದನ್ನು ತುಂಬಾ ದಾಟಬೇಕಾಗಿ ಬಂದರೆ ಟಿಪ್ ಬದಲಿಸಬೇಕು ಎಂದು ತಿಳಿಯಿರಿ.

“ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಹೊರಗಿನದೇನೂ ಕೇಳದು”

ಹೊರಗಿನ ಸದ್ದನ್ನು ಮೈಕಿನಲ್ಲಿ ಹಿಡಿದು, ಅದರ ಅಲೆಗೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಎರಡನ್ನೂ ಕಳೆಯುವ ವಿದ್ಯೆ ಇದು. ಒಂದೇ ಸಮನೆ ಗುಡುಗುಡಿಸುವ ತಗ್ಗು ಸದ್ದಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ; ತುಮಕೂರು ರಸ್ತೆಯ ಬಸ್ಸಿನ ಇಂಜಿನ್ ಅದಕ್ಕೆ ಹೇಳಿ ಮಾಡಿಸಿದ್ದು. ಕಂಡಕ್ಟರರ ಸೀಟಿ, ಮಗುವಿನ ಅಳು, ಪಕ್ಕದ ಸೀಟಿನ ಮಾತು ಇವು ಏರುಸ್ವರದವು, ಕ್ಷಣಕ್ಷಣಕ್ಕೂ ಬದಲಾಗುವಂಥವು. ಇವನ್ನು ತಡೆಯಬೇಕಾದದ್ದು ಮತ್ತೆ ಟಿಪ್ಪೇ. ಆ ತದ್ವಿರುದ್ಧ ಅಲೆ ಕಿವಿಗೆ ಇನ್ನಷ್ಟು ಹೊರೆ ಎಂದು ಭಯಪಡುವವರಿದ್ದಾರೆ. ಎರಡು ಅಲೆ ಸೇರಿ ತಮಟೆಗೆ ಮುಟ್ಟುವ ಒತ್ತಡ ಕಡಿಮೆಯೇ ಆಗುತ್ತದೆ.

ಉಳಿದ ಕೆಲವು ನಂಬಿಕೆಗಳನ್ನು ಬೇಗ ಹೇಳಿ ಮುಗಿಸಬಹುದು. ಬ್ಲೂಟೂತ್ ಮಿದುಳನ್ನು ಸುಡುವುದಿಲ್ಲ. ಬಡ್ಸ್ ಹೊರಸೂಸುವ ಶಕ್ತಿ ಕೆಲವೇ ಮಿಲಿವಾಟ್, ಕಿವಿಗೊತ್ತಿ ಮಾತಾಡುವ ಫೋನಿನದು ಅದಕ್ಕಿಂತ ಎಷ್ಟೋ ಹೆಚ್ಚು. ಬಡ್ಸ್‌ನ ನಿಜವಾದ ಕೊರತೆ ಅದರ ಪುಟ್ಟ ಬ್ಯಾಟರಿ: ಎರಡು ಮೂರು ವರ್ಷದಲ್ಲಿ ಸೊರಗುತ್ತದೆ, ಬದಲಿಸಲು ಹೆಚ್ಚಿನವುಗಳಲ್ಲಿ ದಾರಿಯಿಲ್ಲ. ‘40,000 ಹರ್ಟ್ಸ್‌ವರೆಗೆ’ ಎಂಬ ಬರಹಕ್ಕೆ ಮರುಳಾಗಬೇಕಿಲ್ಲ, ಮನುಷ್ಯನ ಕಿವಿಗೆ 20,000ದ ಮೇಲೆ ಕೇಳುವುದಿಲ್ಲ, ವಯಸ್ಸಾದಂತೆ ಅದೂ ಇಳಿಯುತ್ತದೆ. ಹೊಸ ಇಯರ್‌ಫೋನನ್ನು ನೂರು ಗಂಟೆ ಓಡಿಸಿದರೆ ‘ಪಳಗುತ್ತದೆ’ ಎನ್ನುವುದರಲ್ಲಿ ಪಳಗುವುದು ಹೆಚ್ಚಾಗಿ ನಮ್ಮ ಕೇಳುವ ಅಭ್ಯಾಸ.

“ಹಾಡು ಕೇಳುತ್ತಾ ಹತ್ತಿದರೆ ಬೆಟ್ಟ ಗೊತ್ತೇ ಆಗುವುದಿಲ್ಲ”

ಶಿವಗಂಗೆಯಲ್ಲಿ ಬೆಟ್ಟ ಗೊತ್ತಾಗಲೇಬೇಕು. ಒಳಕಲ್ಲು ತೀರ್ಥ ದಾಟಿದ ಮೇಲೆ ಏರು ಕಡಿದಾಗುತ್ತದೆ, ಕಂಬಿ ಹಿಡಿದು ಬಂಡೆ ಹತ್ತುವ ಜಾಗಗಳಿವೆ, ಕೋತಿಗಳ ಹಿಂಡಿದೆ. ಹಿಂದಿನವರು ಕೂಗಿ ಎಚ್ಚರಿಸಿದ್ದು ಬಿಗಿ ಮುಚ್ಚಿದ ಕಿವಿಗೆ ತಲುಪುವುದಿಲ್ಲ. ಕೇಳುವ ಸುಖವೂ ಅಷ್ಟಕ್ಕಷ್ಟೇ: ಮುಚ್ಚಿದ ಕಿವಿಯೊಳಗೆ ನಿಮ್ಮದೇ ಹೆಜ್ಜೆ ಧಡ್ ಧಡ್ ಎನ್ನುತ್ತದೆ, ಏದುಸಿರು ಹಾಡನ್ನು ನುಂಗುತ್ತದೆ, ವೈರ್ ಅಂಗಿಗೆ ತಾಗಿದ್ದೂ ಕೇಳುತ್ತದೆ, ಮೇಲೆ ಗಾಳಿ ಬೀಸಿದರೆ ನಾಯ್ಸ್ ಕ್ಯಾನ್ಸಲಿಂಗ್ ಮೈಕುಗಳು ಬುಸುಗುಟ್ಟುತ್ತವೆ. ನಡೆಯುವಾಗ, ರಸ್ತೆ ದಾಟುವಾಗ, ಅದರಲ್ಲೂ ರೈಲು ಹಳಿಯ ಪಕ್ಕದಲ್ಲಿ ಇಯರ್‌ಫೋನ್ ತೆಗೆದಿಡಿ. ಕಿವಿಯ ಬಾಯಲ್ಲಿ ಸಡಿಲವಾಗಿ ನಿಲ್ಲುವ, ಟಿಪ್ಪಿಲ್ಲದ ಬಡ್ಸ್ ಹೊರಗಿನ ಸದ್ದನ್ನು ಒಳಬಿಡುತ್ತವೆ ನಿಜ, ಆದರೆ ಹಾಡು ಜೋರಾಗಿದ್ದರೆ ಅವೂ ಕಿವಿ ಮುಚ್ಚಿದಂತೆಯೇ.

ಬೆವರಿದ ಕಿವಿಯಲ್ಲಿ ಟಿಪ್ ಹಾಗೇ ಉಳಿದರೆ ತುರಿಕೆ, ಸೋಂಕು ಬರಬಹುದು. ಟಿಪ್ಪನ್ನು ಬಿಚ್ಚಿ ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬೇಡಿ. ಗುಗ್ಗೆ ಕೊಳೆಯೆಂದು ಕಡ್ಡಿ, ಪಿನ್ನು, ಹತ್ತಿಯ ಬಡ್ ಹಾಕಿ ಕೆದಕುವುದು ಇನ್ನೂ ಕೆಟ್ಟದ್ದು. ಗುಗ್ಗೆ ಕಿವಿಯ ಕಾವಲಿಗಿದೆ, ತಾನಾಗಿ ಹೊರಗೆ ಸರಿಯುತ್ತದೆ; ಕೆದಕಿದರೆ ಒಳಗೆ ಹೋಗಿ ಗಟ್ಟಿಯಾಗುತ್ತದೆ. ಒಂದು ಬದಿ ಸೌಂಡು ಕಡಿಮೆಯಾಯಿತು ಎನಿಸಿದರೆ ಮೊದಲು ಇಯರ್‌ಫೋನಿನ ಜಾಲರಿ ನೋಡಿ, ಗುಗ್ಗೆ ಕಟ್ಟಿರುವುದು ಅಲ್ಲೇ ಹೆಚ್ಚು. ಜಾಲರಿ ಶುಚಿಯಾಗಿದ್ದೂ ಹಾಗೇ ಇದ್ದರೆ, ಅಥವಾ ಇಯರ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್‌ಗುಡುವುದು ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ ಕೇಳ್ವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ.

ಮಕ್ಕಳಿಗೆ ಇಯರ್‌ಫೋನ್ ಕೊಡುವ ಮನೆಗಳಲ್ಲಿ ಮೇಲಿನ ಲೆಕ್ಕವನ್ನು ಇನ್ನೂ ಬಿಗಿ ಮಾಡಬೇಕು. ಅವರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಹಲವು ಫೋನುಗಳ ಸೌಂಡ್ ಸೆಟ್ಟಿಂಗಿನಲ್ಲಿ ವಾಲ್ಯೂಮಿಗೆ ಮೇಲ್ಮಿತಿ ಹಾಕುವ ಅವಕಾಶ ಇದೆ. ಫೋನ್ ಮಗುವಿನ ಕೈಗೆ ಹೋಗುವ ಮುನ್ನ ಅದನ್ನು ಹಾಕಿ, ಮಗುವಿನ ಕಿವಿಗೆ ಎಲ್ಲಕ್ಕಿಂತ ಸಣ್ಣ ಟಿಪ್ ಸಿಕ್ಕಿಸಿ ಕೊಡಿ.