ಕಾಫಿ ತೋಟದ ನಡುವೆ ಒಕ್ಕದ ಐನ್‌ಮನೆ

ಕೊಡಗಿನಲ್ಲಿ ಕಾಫಿ ತೋಟದ ರಸ್ತೆ ಬಿಟ್ಟು ಒಳಗೆ ತಿರುಗಿದರೆ, ಎರಡೂ ಬದಿ ಮಣ್ಣಿನ ಬರೆಯಿರುವ ಕಿರಿದಾದ ಓಣಿ ಸಿಗುತ್ತದೆ. ಅದು ಸುತ್ತಿ ಬಳಸಿ ಏರುವುದು ಐನ್‌ಮನೆಗೆ. ಒಂದೇ ಮೂಲಪುರುಷನಿಂದ ಬಂದ ಕೊಡವ ಕುಟುಂಬ ಒಂದು ಒಕ್ಕ. ಆ ಒಕ್ಕದವರೆಲ್ಲರ ಮೂಲಮನೆ ಇದು. ಎದುರಿಗೆ ಭತ್ತದ ಗದ್ದೆ, ಬೆನ್ನಿಗೆ ತೋಟ.

ಮೆಟ್ಟಿಲು ಹತ್ತಿದರೆ ಕೈಯಾಲೆ ಎಂಬ ಜಗಲಿ. ಕಂಬದಿಂದ ಕಂಬಕ್ಕೆ ಕೂರಿಸಿದ ಅಗಲವಾದ ದಪ್ಪ ಹಲಗೆಯೇ ಐಮರ. ತಲೆಮಾರುಗಳು ಕೂತೆದ್ದು ಅದರ ಮೈ ಕನ್ನಡಿಯಂತೆ ನುಣುಪಾಗಿದೆ. ಹಿರಿಯರು ಇಲ್ಲಿ ಕೂತೇ ವ್ಯಾಜ್ಯ ತೀರಿಸಿದರು, ಮದುವೆ ಮಾತಾಡಿದರು. ಕೆತ್ತನೆಯ ಬಾಗಿಲು ದಾಟಿದರೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಕೋಣೆ, ಅಲ್ಲಿ ತೂಗುದೀಪ. ನೈಋತ್ಯದ ಕನ್ನಿಕೊಂಬರೆ ಎಂಬ ಕೋಣೆ ಹಿರಿಯರ ಪೂಜೆಗೆ ಮೀಸಲು. ದೊಡ್ಡ ಮನೆಗಳಲ್ಲಿ ನಡುವೆ ತೆರೆದ ಅಂಗಳವಿದ್ದು, ಕತ್ತಲ ಕೋಣೆಗಳಿಗೆ ಗಾಳಿ ಬೆಳಕು ಬರುವುದು ಅಲ್ಲಿಂದಲೇ. ಹೊರಗೆ ಮೂಲಪುರುಷ ಕಾರಣವನ ಗುಡಿಯಾದ ಕೈಮಡ.

ಈ ಮನೆಯನ್ನು ಕಟ್ಟಿಸಿದ್ದು ಭತ್ತ. ನಾಟಿಗೆ, ಕೊಯ್ಲಿಗೆ ಹತ್ತಾರು ಕೈ ಬೇಕಿತ್ತು. ಒಕ್ಕ ಒಂದೇ ಸೂರಿನಡಿ ಬಾಳಿತು. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಮಾಡಿದ. ಮುಂದೆ, ಗದ್ದೆಯ ಜೊತೆಗೆ ಬಂದ ಬಾಣೆ ಎಂಬ ಮರಗಾಡಿನ ಜಾಗಗಳಲ್ಲೂ ಕಾಫಿ ಬೆಳೆಯಿತು. ಕಾಫಿಯ ದುಡ್ಡು ಅಣ್ಣತಮ್ಮಂದಿರಿಗೆ ತಮ್ಮ ತಮ್ಮ ತೋಟದಲ್ಲೇ ಬೇರೆ ಮನೆ ಕಟ್ಟುವ ಶಕ್ತಿ ಕೊಟ್ಟಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಹುಲ್ಲಿನ ಮಾಡುಗಳ ಜಾಗಕ್ಕೆ ಕ್ರಮೇಣ ಕೆಂಪು ಹೆಂಚು ಬಂತು.

ಈಗ ಹಲವು ಐನ್‌ಮನೆಗಳಲ್ಲಿ ವರ್ಷವಿಡೀ ವಾಸಿಸುವವರಿಲ್ಲ. ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಒಕ್ಕದವರು ಸೇರಿ, ಗುಂಡು ಹಾರಿಸಿ, ಹೊಸ ಕದಿರು ಕೊಯ್ದು ಮನೆಗೆ ತರುತ್ತಾರೆ. ಎಲ್ಲರ ಆಸ್ತಿಯಾದ್ದರಿಂದ ಒಬ್ಬನೇ ಮಾರುವಂತಿಲ್ಲ. ಮನೆ ಉಳಿದದ್ದು ಇದರಿಂದ. ಎಲ್ಲರೂ ಒಪ್ಪದೆ ರಿಪೇರಿಯೂ ಆಗದು. ಗೆದ್ದಲಿಗೆ ಅನುಕೂಲವಾದದ್ದೂ ಇದರಿಂದಲೇ. ಕೆಲವು ಒಕ್ಕಗಳು ಹಣ ಕೂಡಿಸಿ ಜೀರ್ಣೋದ್ಧಾರ ಮಾಡಿವೆ. ಉಳಿದವರೂ ಮನಸ್ಸು ಮಾಡಬೇಕು. ಹಳೆ ಮನೆ ಕೆಡವಿ ಕಾಂಕ್ರೀಟ್ ಸುರಿಯುವ ಮೊದಲು ಕಂಬ, ಐಮರ, ಬಾಗಿಲುಗಳ ಅಳತೆಯನ್ನಾದರೂ ಬರೆದಿಡಬೇಕು.

ನೋಡಲು ಹೋಗುವವರಿಗೆ ಒಂದು ಮಾತು: ಇದು ಪ್ರವಾಸಿ ತಾಣವಲ್ಲ, ಹಿರಿಯರನ್ನು ಪೂಜಿಸುವ ಮನೆ. ಕುಟುಂಬದವರ ಅನುಮತಿ ಪಡೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ.